‘ಬೋರ್ ಫೇಲಾದ್ರೆ?’ ಅಂತ ಕೇಳೋದು ಅಪಶಕುನ ಅಲ್ಲ

ಹೊಳಲ್ಕೆರೆ ಕಡೆಯ ಓದುಗರೊಬ್ಬರು ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡು ಉದ್ದದ ಪತ್ರ ಬರೆದಿದ್ದಾರೆ. ವಿಷಯ ಇಷ್ಟು: ಅವ್ರ ಮನೆಯವ್ರು ಮೆಕ್ಕೆಜೋಳದ ಹೊಲ ಪೂರ್ತಿ ತೆಗೆದು ಅಡಿಕೆ ಹಾಕ್ಬೇಕು ಅಂತಿದ್ದಾರೆ, ಅದಕ್ಕೆ ಬೋರ್ ಕೊರೆಸ್ಬೇಕು, ಬೋರಿಗೆ ಸಾಲ ಮಾಡ್ಬೇಕು. ಊಟಕ್ಕೆ ಬಡಿಸ್ತಾ ಇವ್ರು "ನೀರು ಬೀಳ್ದಿದ್ರೆ ಏನ್ ಮಾಡೋದ್ರೀ?" ಅಂದಿದ್ದಕ್ಕೆ ಅತ್ತೆ "ಬಿಡ್ತು ಅನ್ನು, ಅಸ್ತು ದೇವತೆಗಳು ಅಸ್ತು ಅಂದ್ಬಿಡ್ತಾವೆ" ಅಂದ್ರಂತೆ, ಮನೆಯವ್ರು ಮೊಬೈಲಲ್ಲಿ ಮೋಟಿವೇಶನ್ ವಿಡಿಯೋ ತೋರ್ಸಿ "ನಿನ್ ನೆಗೆಟಿವ್ ಥಿಂಕಿಂಗಿಂದಾನೇ ಮನೆ ಉದ್ಧಾರ ಆಗ್ತಿಲ್ಲ" ಅಂದ್ರಂತೆ. "ನಾನು ಪಾಸಿಟಿವ್ ಆಗೋದು ಹೇಗೆ ಸಾರ್, ಇಲ್ಲಾ ಬಾಯಿ ಮುಚ್ಕೊಂಡಿರ್ಲಾ?" ಅಂತ ಕೇಳಿದ್ದಾರೆ.

ತಾಯಿ, ಬಾಯಿ ಮುಚ್ಕೊಂಡಿರ್ಬೇಡಿ. ನೀವು ಕೇಳಿದ ಪ್ರಶ್ನೆ ಆ ಮನೇಲಿ ಯಾರಾದ್ರೂ ಒಬ್ರು ಕೇಳ್ಲೇಬೇಕಿತ್ತು.

ನಮ್ಮ ಚಿತ್ರದುರ್ಗ ಜಿಲ್ಲೇಲಿ ಬದುಕೋರಿಗೆ ಇದು ಹೊಸದಲ್ಲ. 2022ರಲ್ಲಿ ಮಾರಿಕಣಿವೆ ಡ್ಯಾಂ 1933 ಆದ್ಮೇಲೆ ಮೊದಲನೇ ಸಲ ಕೋಡಿ ಬಿತ್ತು, ಜನ ಮಕ್ಕಳು ಮರಿ ಕಟ್ಕೊಂಡು ನೋಡೋಕೆ ಹೋದ್ರು, ಇನ್ಮೇಲೆ ನೀರಿಗೆ ತೊಂದ್ರೆ ಇಲ್ಲ ಅಂತ ಎಷ್ಟೋ ಮನೇಲಿ ಮಾತಾಯ್ತು. ಮರುವರ್ಷಾನೇ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸ್ತು. ಅದಾದ್ಮೇಲಿನ ಬೇಸಿಗೇಲಿ ನಿಮ್ಮ ಹೊಳಲ್ಕೆರೆ, ಆಕಡೆ ಚನ್ನಗಿರಿ, ಎಲ್ಲಾ ಕಡೆ ಅಡಿಕೆ ಮರ ಉಳಿಸ್ಕೊಳ್ಳೋಕೆ ಟ್ಯಾಂಕರಲ್ಲಿ ನೀರು ಹೊಡೆಸಿದ್ರಲ್ಲ, ಆ ರೈತರೇನು ನೆಗೆಟಿವ್ ಯೋಚನೆ ಮಾಡಿದ್ದಕ್ಕೆ ಮಳೆ ಹೋಯ್ತಾ? ಮಳೆಗೆ ನಮ್ಮ ತಲೇಲಿ ಏನಿದೆ ಅಂತ ಗೊತ್ತಿರಲ್ಲ.

ಇದರ ಬಗ್ಗೆ ಓದಿದೋರೂ ಇದ್ದಾರೆ. ಅಮೆರಿಕದ ಜೂಲಿ ನೋರೆಮ್, ನ್ಯಾನ್ಸಿ ಕ್ಯಾಂಟರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲೇ ‘ಡಿಫೆನ್ಸಿವ್ ಪೆಸಿಮಿಸಂ’ ಅಂತ ಒಂದು ಸ್ವಭಾವ ಗುರುತಿಸಿದ್ರು. ಕೆಲವ್ರು ಏನೇನು ಕೆಡಬಹುದು ಅಂತ ಮೊದಲೇ ಲೆಕ್ಕ ಹಾಕಿ, ಆ ಭಯದಿಂದಾನೇ ತಯಾರಿ ಮಾಡ್ಕೊಂಡು ಕೆಲಸ ಚೆನ್ನಾಗಿ ಮಾಡ್ತಾರೆ, ಅವ್ರಿಗೆ "ಏನೂ ಆಗಲ್ಲ ಬಿಡು, ನೀನು ಚೆನ್ನಾಗೇ ಮಾಡ್ತೀಯ" ಅಂತ ಸಮಾಧಾನ ಹೇಳಿದ್ರೆ ಕೆಲಸ ಕೆಡುತ್ತೆ. ನಿಮ್ಮ ಪತ್ರ ಓದಿದ್ರೆ ನೀವು ಈ ಪೈಕಿ ಅನ್ಸುತ್ತೆ.

ಇನ್ನೊಂದು ನಿಮ್ಮ ಮನೆಯವ್ರಿಗೆ ಓದಿ ಹೇಳಿ. ಗೇಬ್ರಿಯೆಲ್ ಓಟಿಂಗೆನ್ ಅನ್ನೋ ಮನಶ್ಶಾಸ್ತ್ರಜ್ಞೆ ತೂಕ ಇಳಿಸೋಕೆ ಸೇರಿದ್ದ 25 ಹೆಂಗಸರನ್ನ ಒಂದು ವರ್ಷ ಗಮನಿಸಿದ್ರು, 1991ರಲ್ಲಿ ಅದು ಪ್ರಕಟ ಆಯ್ತು. ‘ಇಳಿಸ್ತೀನಿ’ ಅನ್ನೋ ನಂಬಿಕೆ ಗಟ್ಟಿಯಾಗಿದ್ದೋರು ಹೆಚ್ಚು ಇಳಿಸಿದ್ರು, ಅದು ಸರಿ. ಆದ್ರೆ ಸಣ್ಣಗಾಗಿ ಎಲ್ರೂ ಹೊಗಳೋ ಹಾಗೆ ಸಿಹಿ ಸಿಹಿಯಾಗಿ ಕನಸು ಕಂಡೋರು, ದಾರೀಲಿ ಸೋಲಬಹುದು ಅಂತ ಕಲ್ಪಿಸ್ಕೊಂಡೋರಿಗಿಂತ ಸುಮಾರು 11 ಕೆಜಿ ಕಮ್ಮಿ ಇಳಿಸಿದ್ರು. ನಂಬಿಕೆ ಬೇರೆ, ಹಗಲುಗನಸು ಬೇರೆ. ನಿಮ್ಮ ಯಜಮಾನ್ರ ಧೈರ್ಯಾನ ನಾನು ಕಮ್ಮಿ ಮಾಡ್ತಿಲ್ಲ, ಅಡಿಕೆ ಹಾಕೋ ಯೋಚನೇನೂ ತಪ್ಪಲ್ಲ, ಆದ್ರೆ ಸಸಿ ನೆಟ್ಟು ಫಸಲು ಕಾಣೋಕೆ ಐದಾರು ವರ್ಷ ಬೇಕು, ಸಾಲದ ಕಂತು ಅಲ್ಲೀವರ್ಗೂ ಕಾಯಲ್ಲ.

ಈಗ ಮಾಡೋದೇನು ಅಂದ್ರೆ, ಊಟದ ಮಧ್ಯ ಬೇಡ, ಒಂದು ಸಂಜೆ ಮೂರೂ ಜನ ಕೂತ್ಕೊಳ್ಳಿ. "ಫೇಲಾದ್ರೆ?" ಅಂತ ಕೇಳಿದ್ರೆ ಅವ್ರಿಗೆ ಚುಚ್ಚಿದಂಗಾಗುತ್ತೆ. ಅದ್ರ ಬದ್ಲು ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞರು 2007ರಲ್ಲಿ ಬರೆದ ‘ಪ್ರೀಮಾರ್ಟಂ’ ಅನ್ನೋ ಪದ್ಧತಿ ಇದೆ, ಕಂಪನಿಗಳಲ್ಲಿ ದೊಡ್ಡ ಕೆಲಸ ಶುರುಮಾಡೋ ಮುಂಚೆ ಮಾಡ್ತಾರೆ: ಮೂರು ವರ್ಷ ಆಗಿದೆ, ತೋಟ ಒಣಗಿ ಹೋಗಿದೆ ಅಂತಾನೇ ಇಟ್ಕೊಳ್ಳಿ, ಯಾಕೆ ಒಣಗ್ತು ಹೇಳಿ ಅಂತ ಒಬ್ಬೊಬ್ರನ್ನೂ ಕೇಳಿ. ಬೋರಲ್ಲಿ ಮೊದಲು ಎರಡಿಂಚು ಬಂದಿದ್ದು ಬೇಸಿಗೇಲಿ ನಿಂತೋಯ್ತು, ಮೋಟ್ರು ಸುಟ್ಟೋಯ್ತು, ಕಂತು ಕಟ್ಟೋಕೆ ಜೋಳಾನೂ ಇರ್ಲಿಲ್ಲ, ಹಿಂಗೆ ಅವ್ರ ಬಾಯಿಂದಾನೇ ಬರುತ್ತೆ ನೋಡಿ. ಪ್ರತಿಯೊಂದರ ಮುಂದೆ ಏನ್ ಮಾಡ್ಬೇಕು ಅಂತ ಬರೀರಿ. ನೀರು ಬಿದ್ದು ಒಂದು ಬೇಸಿಗೆ ತಡೆದ ಮೇಲೆ ಸಸಿ. ಪೂರ್ತಿ ಹೊಲ ತೆಗೀದೆ ಅರ್ಧ ಜೋಳ ಉಳಿಸ್ಕೊಳ್ಳೋದು, ಕೃಷಿ ಹೊಂಡಕ್ಕೆ ಜಾಗ ಬಿಡೋದು. ಎಲ್ಲಕ್ಕಿಂತ ಮುಖ್ಯ, ಎಷ್ಟು ಬೋರಿಗೆ ನಿಲ್ಲಿಸ್ಬೇಕು ಅಂತ ಈಗ್ಲೇ ಬರೆದಿಡಿ, ಯಾಕಂದ್ರೆ ಎರಡು ಒಣ ಬೋರ್ ಆದ್ಮೇಲೆ ಮೂರನೇದಕ್ಕೆ ಒಡವೆ ಅಡ ಇಡೋ ಹೊತ್ತಲ್ಲಿ ಯಾರ ತಲೇನೂ ನೆಟ್ಟಗಿರಲ್ಲ.

ಒಂದು ಮಾತು ನಿಮಗೂ ಹೇಳ್ಬೇಕು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಅದೇ ಯೋಚನೆ ಸುತ್ತುತ್ತೆ ಅಂತ ಬರೆದಿದ್ದೀರಲ್ಲ, ಅದರಿಂದ ಯಾವ ತಯಾರೀನೂ ಆಗಲ್ಲ, ಬರೀ ಜೀವ ಸವೆಯುತ್ತೆ. ಪಟ್ಟಿ ಬರೆದ ಮೇಲೂ ನಿದ್ದೆ ಬರ್ಲಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅತ್ತೆಯವ್ರನ್ನ ಮಾತ್ರ ಬಿಟ್ಟು ಕೂರ್ಬೇಡಿ. ಬರಗಾಲ ಎಷ್ಟೋ ಕಂಡ ಜೀವ, ಯಾವ ಬಾವಿ ಯಾವ ವರ್ಷ ಬತ್ತಿತ್ತು ಅನ್ನೋದು ಅವ್ರಿಗೆ ಗೊತ್ತಿರುತ್ತೆ. ಮತ್ತೆ ಇದೆಲ್ಲಾ ಬೋರ್ ಲಾರಿಯವ್ರಿಗೆ ಅಡ್ವಾನ್ಸ್ ಕೊಡೋ ಮುಂಚೇನೇ ಮುಗೀಲಿ, ಲಾರಿ ಹೊಲಕ್ಕೆ ಬಂದ್ಮೇಲೆ ನಿಮ್ ಮಾತು ಯಾರೂ ಕೇಳಲ್ಲ.