ಡೈವರ್ಟರ್‌ಗಾಗಿ ಟೈಲ್ಸ್ ಒಡೆಸಬೇಡಿ

ಶವರ್ ಹಾಕಿದರೂ ಅರ್ಧ ನೀರು ಕೆಳಗಿನ ನಲ್ಲಿಯಲ್ಲೇ ಹೋಗುತ್ತದೆ, ಪ್ಲಂಬರ್ ಗೋಡೆ ಒಡೆಯಬೇಕು ಅಂದರು ಎಂದು ಬರೆದಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ಭಾಗವೇ ಡೈವರ್ಟರ್. ಗೋಡೆಯೊಳಗಿನ ಅದರ ಹಿತ್ತಾಳೆ ಬಾಡಿ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು ಒಳಗಿನ ಕಾರ್ಟ್ರಿಜ್ (ನೀರಿನ ದಾರಿ ಬದಲಿಸುವ, ಬಿಚ್ಚಿ ತೆಗೆಯಬಹುದಾದ ಭಾಗ) ಅಥವಾ ಅದರ ರಬ್ಬರ್ ರಿಂಗ್. ಅದು ಮುಂದಿನಿಂದಲೇ ಹೊರಗೆ ಬರುತ್ತದೆ.

ಮೊದಲು ಗೀಸರ್ ಸ್ವಿಚ್ ಆಫ್ ಮಾಡಿ. ಟ್ಯಾಂಕಿನ ವಾಲ್ವ್ ಜೊತೆಗೆ ಗೀಸರ್‌ಗೆ ನೀರು ಹೋಗುವ ವಾಲ್ವ್ ಕೂಡ ಮುಚ್ಚಿ. ಇದನ್ನು ಮರೆತರೆ ಬಿಸಿನೀರು ಮೈಮೇಲೆ ಬರಬಹುದು. ನಲ್ಲಿ ತೆರೆದು ಉಳಿದ ನೀರು ಖಾಲಿ ಮಾಡಿ. ಡೈವರ್ಟರ್ ಹಿಡಿಯ ಸ್ಕ್ರೂ ತೆಗೆದು, ಗೋಡೆಗೆ ಅಂಟಿದ ಪ್ಲೇಟ್ ಸರಿಸಿ, ಸ್ಪ್ಯಾನರ್‌ನಿಂದ ನಟ್ ಬಿಚ್ಚಿ. ನಟ್ ಬಿಗಿಯಾಗಿದ್ದರೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ಜೋರಾಗಿ ತಿರುಗಿಸಿದರೆ ಪೈಪೇ ತಿರುಚಿಕೊಳ್ಳಬಹುದು, ಆಗ ನಿಜಕ್ಕೂ ಗೋಡೆ ಒಡೆಯಬೇಕಾಗುತ್ತದೆ.

ಬೋರ್‌ವೆಲ್ ನೀರಿನ ಮನೆ ಅಲ್ವಾ? ಹಾಗಾದರೆ ಬಿಳಿ ಸುಣ್ಣ ಕಟ್ಟಿರುವುದೇ ಜಾಸ್ತಿ. ಕಾರ್ಟ್ರಿಜ್ ಹೊರತೆಗೆದು ತೊಳೆದು ನೋಡಿ. ರಿಂಗ್ ಸವೆದಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದರಿಂದ ಉಬ್ಬುತ್ತದೆ.