ಗದ್ದೆಯಲ್ಲಿ ನೀರು ನಿಂತರೆ ಆರ್ಸೆನಿಕ್ ಯಾಕೆ ಕರಗುತ್ತದೆ?

ಪಶ್ಚಿಮ ಬಂಗಾಳದ ನಾದಿಯಾದಲ್ಲಿ ನಿಮ್ಮ ಗೆಳೆಯರದು ಒಂದೇ ಹೊಲ, ಒಂದೇ ಕೊಳವೆಬಾವಿ. ಆದರೂ ಗೋಧಿಗಿಂತ ಭತ್ತದಲ್ಲಿ ಆರ್ಸೆನಿಕ್ ಎಂಬ ವಿಷ ಜಾಸ್ತಿ ಯಾಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ನಿಂತ ನೀರು.

ಒಣ ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುತ್ತದೆ. ನೀರು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮಣ್ಣಿನ ಆಮ್ಲಜನಕ ಮುಗಿಯುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ತುಕ್ಕನ್ನೇ ಬಳಸುತ್ತವೆ. ತುಕ್ಕು ಕರಗುತ್ತದೆ, ಅದು ಹಿಡಿದಿಟ್ಟಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಜೊತೆಗೆ ಆರ್ಸೆನಿಕ್ ರೂಪವೂ ಬದಲಾಗುತ್ತದೆ, ಆರ್ಸೆನೇಟ್ ಹೋಗಿ ಆರ್ಸೆನೈಟ್ ಆಗುತ್ತದೆ. ಭತ್ತದ ಬೇರು ಸಿಲಿಕಾನ್ ಎಳೆದುಕೊಳ್ಳುವ ದಾರಿಯಲ್ಲೇ ಇದೂ ಒಳಗೆ ನುಗ್ಗುತ್ತದೆ. ಭತ್ತಕ್ಕೆ ಸಿಲಿಕಾನ್ ತುಂಬಾ ಬೇಕಲ್ವಾ, ಹಾಗಾಗಿ ಆ ಬಾಗಿಲು ದೊಡ್ಡದು.

ಒಂದು ಪೈರು ಕಿತ್ತು ಬೇರು ತೊಳೆದು ನೋಡಲಿ. ಕಿತ್ತಳೆ ಬಣ್ಣದ ಪದರ ಕಾಣುತ್ತದೆ. ಬೇರಿನಿಂದ ಸೋರುವ ಆಮ್ಲಜನಕ ತಾಗಿ ಕಬ್ಬಿಣ ಮತ್ತೆ ತುಕ್ಕಾಗಿರುವುದು ಅದು. ಸ್ವಲ್ಪ ಆರ್ಸೆನಿಕ್ ಅಲ್ಲೇ ಸಿಕ್ಕಿಬೀಳುತ್ತದೆ, ಎಲ್ಲವೂ ಅಲ್ಲ.

ಆರ್ಸೆನಿಕ್ ಕಡಿಮೆ ಮಾಡಲು ನೀರನ್ನು ಸದಾ ನಿಲ್ಲಿಸಬಾರದು. ಗದ್ದೆಯಲ್ಲಿ ತೂತು ಕೊರೆದ ಪೈಪ್ ಹೂತು ಅದರಲ್ಲಿ ನೀರಿನ ಮಟ್ಟ ನೋಡಲಿ, ನೀರು ನೆಲದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ಹಾಯಿಸಲಿ. ಹೂ ಬಿಡುವಾಗ ಮಾತ್ರ ಒಣಗಿಸಬಾರದು. ಇದನ್ನೆಲ್ಲ ಮಾಡುವ ಮೊದಲು ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಲಿ. ಅದರ ಗುಣ ಉಲ್ಟಾ, ಒಣಗಿಸಿದಾಗಲೇ ಕಾಳಿಗೆ ಜಾಸ್ತಿ ಸೇರುತ್ತದೆ.