ಕಂಸದೊಳಗಿನ ಚುಕ್ಕೆಗಳು: ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ಇಂದಿನ ತುರ್ಕಿಯ ನೆಲದಲ್ಲಿ ಬಾಳಿದ ಪ್ರಾಚೀನ ಹಿಟ್ಟೈಟ್ ಜನರು ತಮ್ಮ ಹಬ್ಬದ ವಿಧಿಗಳನ್ನು ಬರೆದಿಟ್ಟ ಮಣ್ಣಿನ ಫಲಕಗಳ ಅನುವಾದವನ್ನು ಕಳೆದ ಸಂಚಿಕೆಯಲ್ಲಿ ಓದಿ ಶಿವಮೊಗ್ಗದಿಂದ ನೀವು ಬರೆದ ಪತ್ರ ತಲುಪಿದೆ. ‘ರೊಟ್ಟಿ ಮುರಿದರು, ಕುಡಿದರು, ಹಾಡಿದರು ಎಂಬುದೇ ಪುಟಗಟ್ಟಲೆ ಬರುತ್ತದೆ. ಸಾಲು ಸಾಲಿಗೂ ಕಂಸ, ಕಂಸದೊಳಗೆ ಚುಕ್ಕೆ. ಊಹಿಸಿ ತುಂಬಿಸಿ ಕಥೆಯಂತೆ ಕೊಡಬಾರದಿತ್ತೇ? ಇಂದ್ರ, ವರುಣರ ಹೆಸರು ಅಲ್ಲಿ ಸಿಕ್ಕಿದೆಯಂತೆ, ಅದನ್ನೇಕೆ ಬಿಟ್ಟಿರಿ?’ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಹೆಸರುಗಳು ಹಿಟ್ಟೈಟರ ರಾಜಧಾನಿ ಹತ್ತೂಸಾದಲ್ಲೇ ಸಿಕ್ಕಿರುವುದು ನಿಜ. ಆದರೆ ಅವು ಇರುವುದು ಕ್ರಿ.ಪೂ. 14ನೇ ಶತಮಾನದಲ್ಲಿ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮ ನೆರೆಯ ಮಿತನ್ನಿ ರಾಜ್ಯದ ಶತ್ತಿವಾಜನೊಡನೆ ಮಾಡಿಕೊಂಡ ಒಪ್ಪಂದದಲ್ಲಿ. ಅಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಮಿತನ್ನಿಯ ಕಡೆಯ ಸಾಕ್ಷಿ ದೇವತೆಗಳು. ನಾವು ಪ್ರಕಟಿಸಿದ ಹಬ್ಬದ ಫಲಕಗಳಲ್ಲಿ ಪೂಜೆಗೊಳ್ಳುವವರು ಅರಿನ್ನದ ಸೂರ್ಯದೇವಿ, ಹತ್ತಿಯ (ಹಿಟ್ಟೈಟರ ನಾಡಿನ ಹೆಸರು) ಗುಡುಗಿನ ದೇವರು, ಜಿಪ್ಪಲಂದ ಊರಿನ ಗುಡುಗಿನ ದೇವರು ಮುಂತಾದವರು.

ಈಗ ಕಂಸಗಳ ವಿಷಯ. ಫಲಕ ಒಡೆದು ಅಕ್ಷರಗಳು ನಷ್ಟವಾದ ಜಾಗವನ್ನೇ ಕಂಸದೊಳಗಿನ ಚುಕ್ಕೆಗಳು ಸೂಚಿಸುತ್ತವೆ. ತುರ್ಕಿಯ ಚೋರುಮ್ ಪ್ರಾಂತ್ಯದಲ್ಲಿರುವ ಹತ್ತೂಸಾದ ನೆಲೆಯಲ್ಲಿ ಹ್ಯೂಗೊ ವಿಂಕ್ಲರ್ ಮತ್ತು ಥಿಯೋಡೋರ್ ಮಕ್ರಿದಿ 1906ರಲ್ಲಿ ಅಗೆತ ಆರಂಭಿಸಿದರು. ಅಂದಿನಿಂದ ಸುಮಾರು 30,000 ಮಣ್ಣಿನ ಫಲಕಗಳು ಮತ್ತು ಚೂರುಗಳು ದೊರೆತಿವೆ. ಅವುಗಳಲ್ಲಿ ಹಬ್ಬದ ವಿಧಿಗಳದ್ದೇ ಬಹುದೊಡ್ಡ ಪಾಲು. ಫಲಕದ ಕೊನೆಯಲ್ಲಿ ಲಿಪಿಕಾರ ಇದು ಯಾವ ಹಬ್ಬದ ಎಷ್ಟನೇ ಫಲಕ, ಪಠ್ಯ ಮುಗಿಯಿತೇ ಇಲ್ಲವೇ ಎಂದು ಬರೆದಿಡುತ್ತಿದ್ದ. ಆ ತುದಿ ಒಡೆದುಹೋದರೆ ಚೂರು ಯಾವ ಹಬ್ಬಕ್ಕೆ ಸೇರಿದ್ದೆಂದು ತಿಳಿಯುವುದೇ ಕಷ್ಟ. ಫ್ರೆಂಚ್ ವಿದ್ವಾಂಸ ಎಮ್ಯಾನುಯೆಲ್ ಲಾರೋಶ್ ಹಿಟ್ಟೈಟ್ ಪಠ್ಯಗಳ ಪಟ್ಟಿ ಮಾಡಿದಾಗ ಇಂಥ ವಿಳಾಸವಿಲ್ಲದ ಹಬ್ಬದ ಚೂರುಗಳಿಗೆಂದೇ 670 ಎಂಬ ಸಂಖ್ಯೆಯನ್ನು ಮೀಸಲಿಡಬೇಕಾಯಿತು.

ನಿಮಗೆ ಬೇಸರ ತಂದ ಪುನರಾವರ್ತನೆಯೇ ಇಲ್ಲಿ ವಿದ್ವಾಂಸರ ಕೈಹಿಡಿಯುತ್ತದೆ. ರಾಜ ರಾಣಿಯರು ಕುಳಿತು ಅಥವಾ ನಿಂತು ಒಬ್ಬ ದೇವರ ಹೆಸರಿನಲ್ಲಿ ಕುಡಿಯುತ್ತಾರೆ. ದೊಡ್ಡ ತಂತಿವಾದ್ಯ ನುಡಿಯುತ್ತದೆ, ಗಾಯಕರು ಹಾಡುತ್ತಾರೆ, ಘೋಷಿಸುವವನು ಘೋಷಿಸುತ್ತಾನೆ. ಪಾನಪಾತ್ರೆಯ ಸೇವಕ ಹೊರಗಿನಿಂದ ದಪ್ಪ ರೊಟ್ಟಿ ತಂದು ರಾಜನಿಗೆ ಕೊಡುತ್ತಾನೆ, ರಾಜ ಅದನ್ನು ಮುರಿಯುತ್ತಾನೆ. ಮತ್ತೆ ಮುಂದಿನ ದೇವರು. ಈ ಕ್ರಮ ಗೊತ್ತಿರುವುದರಿಂದ, ಒಡೆದ ಸಾಲಿನಲ್ಲಿ ಎಷ್ಟು ಅಕ್ಷರಗಳ ಜಾಗ ಖಾಲಿಯಿದೆ ಎಂದು ಅಳೆದು, ಅಲ್ಲಿದ್ದದ್ದು ರೊಟ್ಟಿಯೋ ವಾದ್ಯವೋ ಎಂದು ಹೇಳಬಹುದು. ಹಾಗೆ ಭದ್ರವಾಗಿ ಹೇಳಬಹುದಾದಲ್ಲೆಲ್ಲ ನಮ್ಮ ಅನುವಾದಕರು ತುಂಬಿದ್ದಾರೆ. ಸುತ್ತು ಸುತ್ತಿಗೂ ಬದಲಾಗುವುದು ದೇವರ ಹೆಸರು. ಚುಕ್ಕೆಗಳು ಹೆಚ್ಚಾಗಿ ಉಳಿದಿರುವುದೂ ಅಲ್ಲಿಯೇ. ಅಲ್ಲಿ ನಮಗೆ ತೋಚಿದ ದೇವರನ್ನು ತಂದು ಕೂರಿಸುವ ಹಕ್ಕು ನಮಗಿಲ್ಲ. ಅದೇ ಪಠ್ಯದ ಇನ್ನೊಂದು ಪ್ರತಿಯ ಚೂರು ಸಿಕ್ಕಿ ಹೊಂದಿಕೊಂಡರೆ ಆ ಹೆಸರು ತಾನಾಗಿ ಬರುತ್ತದೆ. ಹೊಂದುವ ಚೂರು ಬೇರೊಂದು ನಗರದ ಸಂಗ್ರಹಾಲಯದಲ್ಲಿ ಇರುವುದೂ ಉಂಟು. ಪೂರ್ವ ಜರ್ಮನಿ ತನ್ನಲ್ಲಿದ್ದ ಸಾವಿರಾರು ಫಲಕಗಳನ್ನು ತುರ್ಕಿಗೆ ಮರಳಿಸಿದ್ದು 1987ರಲ್ಲಿ.

ಇದನ್ನೆಲ್ಲ ಅವರು ಇಷ್ಟು ಚಾಚೂ ತಪ್ಪದೆ ಏಕೆ ಬರೆದಿಟ್ಟರು? ಹಬ್ಬ ತಪ್ಪಿದರೆ ನಾಡಿಗೆ ಕೇಡು ಎಂದು ಅವರು ಮನಸಾರೆ ನಂಬಿದ್ದರು. ಸುಪ್ಪಿಲುಲಿಯುಮನ ಮಗ ಎರಡನೇ ಮುರ್ಸಿಲಿಯ ಕಾಲದಲ್ಲಿ ಪಿಡುಗು ವರ್ಷಗಟ್ಟಲೆ ಜನರನ್ನು ಕೊಂದಿತು. ತನ್ನ ಪ್ರಾರ್ಥನೆಯೊಂದರಲ್ಲಿ ಅವನು ಎರಡು ಹಳೆಯ ಫಲಕಗಳು ಸಿಕ್ಕಿದ್ದನ್ನು ಹೇಳಿಕೊಳ್ಳುತ್ತಾನೆ. ಈಜಿಪ್ಟಿನೊಡನೆ ಮಾಡಿಕೊಂಡು ಬಳಿಕ ಮುರಿದ ಒಪ್ಪಂದ ಒಂದರಲ್ಲಿತ್ತು. ಇನ್ನೊಂದರಲ್ಲಿದ್ದದ್ದು ಮಾಲಾ (ಯೂಫ್ರೆಟಿಸ್) ನದಿಗೆ ಹಿಂದಿನ ರಾಜರು ಸಲ್ಲಿಸುತ್ತಿದ್ದ ಪೂಜೆ. ಅವನ ತಂದೆಯ ಕಾಲದಿಂದ ಅದು ನಿಂತುಹೋಗಿತ್ತು. ಇದೇ ದೊರೆ ತನ್ನ ಯುದ್ಧಗಳ ವೃತ್ತಾಂತದಲ್ಲಿ, ಲೆಲ್ವಾನಿ ದೇವತೆಗೆ ಪುರುಲ್ಲಿ ಹಬ್ಬ ಮಾಡದೆ ಉಳಿದಿತ್ತೆಂದು ವಸಂತದಲ್ಲಿ ಹತ್ತೂಸಾಕ್ಕೆ ಬಂದು ನೆರವೇರಿಸಿದ್ದನ್ನೂ ದಾಖಲಿಸಿದ್ದಾನೆ. ವಸಂತದ ಇನ್ನೊಂದು ದೊಡ್ಡ ಹಬ್ಬ, ಗಿಡವೊಂದರ ಹೆಸರು ಹೊತ್ತ ಆಂತಾಹ್ಶುಮ್, 38 ದಿನಗಳದ್ದು. ರಾಜನೇ ಊರಿಂದೂರಿಗೆ ಹೋಗಿ ಅದನ್ನು ನಡೆಸಬೇಕಿತ್ತು.

ಎಲ್ಲವೂ ರೊಟ್ಟಿ, ಪಾನ ಎಂದೂ ಅಲ್ಲ. ಸಣ್ಣ ಊರುಗಳ ಗುಡಿಗಳ ದಾಖಲೆಗಳನ್ನು ನೋಡಿ. ಶರತ್ಕಾಲದಲ್ಲಿ ದೇವರ ಹೆಸರಿನ ದೊಡ್ಡ ಮಡಕೆಗೆ ಧಾನ್ಯ ಸುರಿಯುತ್ತಾರೆ. ವಸಂತ ಬಂದು ಗುಡುಗಿದಾಗ ಅದನ್ನು ತೆರೆದು, ಧಾನ್ಯವನ್ನು ಬೀಸಿ ರೊಟ್ಟಿ ಮಾಡುತ್ತಾರೆ. ಒಂದು ಫಲಕದಲ್ಲಿ ಯುವಕರು ಎರಡು ಗುಂಪಾಗುತ್ತಾರೆ. ‘ಹತ್ತಿಯವರ’ ಕೈಯಲ್ಲಿ ಕಂಚಿನ ಆಯುಧ, ‘ಮಾಸದವರ’ (ಮಾಸ ಎಂಬ ಬೇರೊಂದು ನಾಡಿನವರ) ಕೈಯಲ್ಲಿ ಬರೀ ಜೊಂಡು. ಕಾದಾಡುತ್ತಾರೆ, ಹತ್ತಿಯವರು ಗೆಲ್ಲುತ್ತಾರೆ, ಸೆರೆ ಸಿಕ್ಕವನನ್ನು ದೇವರಿಗೆ ಒಪ್ಪಿಸುತ್ತಾರೆ. ಈ ನಾಲ್ಕು ಸಾಲುಗಳನ್ನು ಓದುವಾಗ ನನಗಾಗುವ ಸಂತೋಷ ಯಾವ ಕಟ್ಟುಕಥೆಯಿಂದಲೂ ಆಗದು.

2023ರಲ್ಲಿ ಇದೇ ಹತ್ತೂಸಾದ ವಿಧಿಫಲಕವೊಂದರಲ್ಲಿ, ಇನ್ನು ಮುಂದಿನದು ಕಲಸ್ಮ ಎಂಬ ನಾಡಿನ ಭಾಷೆಯಲ್ಲಿ ಎಂಬ ಸೂಚನೆಯ ಕೆಳಗೆ, ಅದುವರೆಗೆ ಯಾರೂ ಅರಿಯದಿದ್ದ ಇಂಡೋ-ಯುರೋಪಿಯನ್ ಭಾಷೆಯೊಂದು ಪತ್ತೆಯಾಯಿತು. ಪಠಿಸಿದವರ ನುಡಿಯನ್ನು ಲಿಪಿಕಾರ ಇದ್ದಂತೆಯೇ ಇಳಿಸಿದ್ದರಿಂದಲೇ ಅದು ನಮಗೆ ದಕ್ಕಿತು. ಮುಂದಿನ ಸಂಚಿಕೆಯಲ್ಲಿ ಬರುವ ಎರಡನೇ ಕಂತಿನಲ್ಲೂ ಕಂಸಗಳು ಹಾಗೆಯೇ ಇರುತ್ತವೆ. ಎಷ್ಟು ಅಕ್ಷರಗಳು ನಷ್ಟವಾಗಿವೆ ಎಂಬುದನ್ನು ಸಾಲಿನ ಪಕ್ಕದಲ್ಲಿ ಸೂಚಿಸಲು ಅನುವಾದಕರನ್ನು ಕೋರಿದ್ದೇನೆ.

— ಸಂಪಾದಕ